ಪ್ರಯಾಣಿಕರ ಪ್ರಶ್ನೋತ್ತರ: ತಡೆದವರ ಬಳಿ ಹಿಂಬರಹ ಕೇಳಿ

ವಿಮಾನ ನಿಲ್ದಾಣ, ರೈಲು, ಪಾಸ್‌ಪೋರ್ಟ್ ಕಚೇರಿ, ಚುನಾವಣಾ ಚೆಕ್‌ಪೋಸ್ಟ್. ತಡೆದದ್ದು ಎಲ್ಲೇ ಆಗಲಿ, ಪತ್ರ ಬರೆದವರ ಸಿಟ್ಟು ಒಂದೇ: ಕಾರಣ ಹೇಳಲಿಲ್ಲ. ಹಿಂಬರಹ ಎಂದರೆ ಆ ಕಾರಣವನ್ನು ಅಧಿಕಾರಿ ಬರೆದುಕೊಡುವ ಉತ್ತರ. ಕಾರಣ ಕೊಡಲೇಬೇಕಾದ ಜಾಗ ಯಾವುದು, ದುಡ್ಡು ಬರುವ ಜಾಗ ಯಾವುದು, ಹಲ್ಲು ಕಚ್ಚಿ ಸಹಿಸಬೇಕಾದ ಜಾಗ ಯಾವುದು ಎಂದು ಬೇರೆ ಮಾಡಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಒಂದು ಪ್ರಶ್ನೆಯಾಗಿ ಸೇರಿಸಲಾಗಿದೆ.

ಪ್ರಶ್ನೆ: ಟಿಕೆಟ್ ಕನ್ಫರ್ಮ್ ಆಗಿದ್ದರೂ ಕೌಂಟರ್‌ನಲ್ಲಿ "ವಿಮಾನ ತುಂಬಿದೆ, ಸಂಜೆಯದಕ್ಕೆ ಹೋಗಿ" ಎಂದರು. ಊಟದ ಕೂಪನ್ ಕೊಟ್ಟು ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಇನ್ನು ಪರಿಹಾರ ಕೇಳಬಹುದೇ? (ಹುಬ್ಬಳ್ಳಿ)

ಕೇಳಬಹುದು. ಆದರೆ ಆ ಹಾಳೆಯಲ್ಲಿ ಏನಿತ್ತು ಎಂಬುದು ಮುಖ್ಯ. ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದಾಗ ಏರ್‌ಲೈನ್ ಮೊದಲು ಸ್ವಇಚ್ಛೆಯಿಂದ ಬಿಟ್ಟುಕೊಡುವವರನ್ನು ಕೇಳಬೇಕು. ಹಾಗೆ ಬಿಟ್ಟುಕೊಟ್ಟವರಿಗೆ ಒಪ್ಪಂದದಂತೆ ಸಿಗುವುದಷ್ಟೇ ಸಿಗುತ್ತದೆ. ನಿಮ್ಮ ಸಹಿ "ಸ್ವಇಚ್ಛೆಯಿಂದ ಬದಲಿ ವಿಮಾನ ಒಪ್ಪಿದ್ದೇನೆ" ಎಂಬ ಸಾಲಿನ ಕೆಳಗಿದ್ದರೆ ದಾವೆ ದುರ್ಬಲವಾಗುತ್ತದೆ. ಮುಂದೆ ಇಂಥ ಹಾಳೆ ಬಂದರೆ ಸಹಿಯ ಪಕ್ಕದಲ್ಲಿ "ಕೂಪನ್ ಮಾತ್ರ ಪಡೆದಿದ್ದೇನೆ, ಪರಿಹಾರದ ಹಕ್ಕು ಬಿಟ್ಟಿಲ್ಲ" ಎಂದು ಕೈಬರಹದಲ್ಲಿ ಬರೆದು, ಫೋಟೊ ತೆಗೆದುಕೊಂಡು ಕೊಡಿ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮ ಹೀಗಿದೆ. ನಿಮ್ಮ ಇಚ್ಛೆಗೆ ವಿರುದ್ಧವಾಗಿ ಹತ್ತಿಸಿಕೊಳ್ಳದಿದ್ದರೆ, ಮೂಲ ಸಮಯದಿಂದ 1 ಗಂಟೆಯೊಳಗೆ ಹೊರಡುವ ಬದಲಿ ವಿಮಾನ ಕೊಟ್ಟಾಗ ಪರಿಹಾರವಿಲ್ಲ. 24 ಗಂಟೆಯೊಳಗಿನ ವಿಮಾನ ಕೊಟ್ಟರೆ ಒಂದು ಕಡೆಯ ಬೇಸಿಕ್ ಫೇರ್ ಮತ್ತು ಇಂಧನ ಶುಲ್ಕದ 200%, ಗರಿಷ್ಠ ₹10,000. 24 ಗಂಟೆ ಮೀರಿದರೆ 400%, ಗರಿಷ್ಠ ₹20,000. ಬದಲಿ ವಿಮಾನವೇ ಬೇಡ ಎಂದರೆ ಟಿಕೆಟ್ಟಿನ ಪೂರ್ತಿ ಹಣದ ಜೊತೆಗೆ 400%, ಅದೇ ₹20,000ದ ಮಿತಿಯಲ್ಲಿ. ಲೆಕ್ಕ ಹಾಕುವಾಗ ಟಿಕೆಟ್ಟಿನ ಒಟ್ಟು ಮೊತ್ತ ಹಿಡಿಯಬೇಡಿ. ತೆರಿಗೆ, ನಿಲ್ದಾಣದ ಶುಲ್ಕ ಕಳೆದು ಉಳಿದದ್ದು ಮಾತ್ರ. ಬೇಸಿಕ್ ಫೇರ್ ಮತ್ತು ಇಂಧನ ಶುಲ್ಕ ಸೇರಿ ₹4,000 ಆಗಿದ್ದರೆ ನಿಮಗೆ ₹8,000 ಬರಬೇಕು. ₹6,000 ಆಗಿದ್ದರೆ 200% ಎಂದರೆ ₹12,000, ಆದರೆ ಕೈಗೆ ಬರುವುದು ₹10,000.

ವಿಮಾನವೇ ರದ್ದಾದರೆ ಲೆಕ್ಕ ಬೇರೆ. ಮೊದಲೇ ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿ 1 ಗಂಟೆಯವರೆಗಿದ್ದಾಗ ₹5,000, 2 ಗಂಟೆಯವರೆಗೆ ₹7,500, ಅದಕ್ಕೂ ಹೆಚ್ಚಿದ್ದರೆ ₹10,000. ಅಥವಾ ಬೇಸಿಕ್ ಫೇರ್ ಮತ್ತು ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಇಲ್ಲಿ ಹಲವರು ಸೋಲುವ ಒಂದು ಸಣ್ಣ ತೂತಿದೆ. ಸಂಪರ್ಕ ಸಂಖ್ಯೆ ಸರಿಯಾಗಿ ಕೊಡದ ಪ್ರಯಾಣಿಕರಿಗೆ ಈ ಪರಿಹಾರವಿಲ್ಲ. ಏಜೆಂಟ್ ಬುಕ್ ಮಾಡುವಾಗ ತನ್ನದೇ ಮೊಬೈಲ್ ನಂಬರ್ ಹಾಕಿರುತ್ತಾನೆ, ಎಸ್‌ಎಂಎಸ್ ಅವನಿಗೆ ಹೋಗುತ್ತದೆ, "ನಾವು ತಿಳಿಸಿದ್ದೆವು" ಎಂದು ಏರ್‌ಲೈನ್ ಕೈ ತೊಳೆದುಕೊಳ್ಳುತ್ತದೆ. ಪಿಎನ್‌ಆರ್ ಕೈಗೆ ಬಂದ ಕೂಡಲೇ ಏರ್‌ಲೈನ್ ವೆಬ್‌ಸೈಟಿಗೆ ಹೋಗಿ ನಿಮ್ಮ ನಂಬರ್ ಸೇರಿಸಿ.

ತಡವಾದರೆ ನಮ್ಮ ದೇಶದಲ್ಲಿ ನಗದು ಪರಿಹಾರವಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಿ. ಎರಡೂವರೆ ಗಂಟೆಯೊಳಗಿನ ಹಾರಾಟಕ್ಕೆ 2 ಗಂಟೆ ತಡವಾದಾಗ, 5 ಗಂಟೆಯೊಳಗಿನದಕ್ಕೆ 3 ಗಂಟೆ ತಡವಾದಾಗ ತಿಂಡಿ, ಊಟ ಕೊಡಬೇಕು. 6 ಗಂಟೆ ಮೀರುವುದಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸ್. ರಾತ್ರಿ 8ರಿಂದ ಬೆಳಗಿನ 3ರ ನಡುವೆ ಹೊರಡಬೇಕಿದ್ದ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ಕೂಡ. ಯುರೋಪಿನಿಂದ ಹೊರಡುವವರ ಪಾಡು ಎಷ್ಟೋ ವಾಸಿ: ಯಾವ ದೇಶದ ಏರ್‌ಲೈನ್ ಆಗಿದ್ದರೂ ಐರೋಪ್ಯ ಒಕ್ಕೂಟದ 261ನೇ ನಿಯಮ ಅನ್ವಯಿಸುತ್ತದೆ. 3,500 ಕಿ.ಮೀ.ಗಿಂತ ದೂರದ ಪ್ರಯಾಣ 4 ಗಂಟೆ ತಡವಾಗಿ ಮುಟ್ಟಿದರೆ 600 ಯುರೋ. ಇಲ್ಲಿಂದ ಅಲ್ಲಿಗೆ ಹೋಗುವಾಗ ಮಾತ್ರ ಏರ್‌ಲೈನ್ ಯುರೋಪಿನದಾಗಿರಬೇಕು.

ಹವಾಮಾನ, ಮುಷ್ಕರ, ಭದ್ರತೆ, ವಾಯು ಸಂಚಾರ ನಿಯಂತ್ರಣದ ತೊಂದರೆ, ಇವುಗಳಿಂದ ಆದದ್ದಕ್ಕೆ ಏರ್‌ಲೈನ್ ಪರಿಹಾರ ಕೊಡಬೇಕಿಲ್ಲ. "ಕಾರ್ಯಾಚರಣೆಯ ಕಾರಣ" ಎಂಬ ಎಸ್‌ಎಂಎಸ್ ಬಂದರೆ ಅದನ್ನು ಅಳಿಸಬೇಡಿ. ಅದು ಹವಾಮಾನವೂ ಅಲ್ಲ, ಮುಷ್ಕರವೂ ಅಲ್ಲ ಎಂದು ಅವರೇ ಬರೆದುಕೊಟ್ಟಂತೆ. ದೂರು ಮೊದಲು ಏರ್‌ಲೈನಿನ ನೋಡಲ್ ಅಧಿಕಾರಿಗೆ, ಆಮೇಲೆ ಅವರ ಮೇಲ್ಮನವಿ ಪ್ರಾಧಿಕಾರಕ್ಕೆ, ಜೊತೆಗೆ ಏರ್‌ಸೇವಾ ಪೋರ್ಟಲ್‌ನಲ್ಲಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಏರ್‌ಲೈನಿನ ಕಚೇರಿ ಎಲ್ಲಿದೆ ಎಂದು ಹುಡುಕಬೇಕಿಲ್ಲ. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರು ಹಾಕಲು ಗಡುವು 2 ವರ್ಷ.

ಪ್ರಶ್ನೆ: ರೈಲು ಐದು ಗಂಟೆ ತಡ. ಪ್ರಯಾಣ ಬಿಟ್ಟು ಮರುದಿನ ಟಿಡಿಆರ್ (ಹಣ ವಾಪಸಿಗೆ ಹಾಕುವ ಅರ್ಜಿ) ಹಾಕಿದರೆ ತಿರಸ್ಕಾರ. ಏಕೆ? (ಅರಸೀಕೆರೆ)

ಮರುದಿನ ಹಾಕಿದ್ದಕ್ಕೇ. ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹತ್ತದಿದ್ದರೆ ಪೂರ್ತಿ ಹಣ ಸಿಗುತ್ತದೆ, ತತ್ಕಾಲ್ ಟಿಕೆಟ್ಟಿಗೂ. ಆದರೆ ನೀವು ಹತ್ತಬೇಕಿದ್ದ ನಿಲ್ದಾಣದಿಂದ ರೈಲು ನಿಜವಾಗಿ ಹೊರಡುವ ಮುಂಚೆ ಟಿಡಿಆರ್ ಹಾಕಿರಬೇಕು. ಕೌಂಟರ್ ಟಿಕೆಟ್ ಆದರೆ ಅಷ್ಟರೊಳಗೆ ಮರಳಿಸಿರಬೇಕು. ಎ.ಸಿ. ಕೆಟ್ಟಿದ್ದರೆ ಗಡುವು ಬೇರೆ: ಇಳಿದ 20 ಗಂಟೆಯೊಳಗೆ, ಟಿಟಿಇ ಬರೆದುಕೊಟ್ಟ ಪ್ರಮಾಣಪತ್ರದೊಂದಿಗೆ. ರೈಲಿನಲ್ಲಿರುವಾಗಲೇ ರೈಲ್ವೆ ಸಹಾಯವಾಣಿ 139ಕ್ಕೆ ದೂರು ದಾಖಲಿಸಿ ನಂಬರ್ ಇಟ್ಟುಕೊಂಡರೆ ಟಿಟಿಇ ಪ್ರಮಾಣಪತ್ರ ಬರೆಯಲು ಹಿಂದೆಮುಂದೆ ನೋಡುವುದು ಕಡಿಮೆ.

ತಡವಾದ ರೈಲಿನಲ್ಲಿ ಪ್ರಯಾಣಿಸಿಯೂ ನಷ್ಟವಾದವರಿಗೆ ಒಂದು ದಾರಿ ಇದೆ. 2016ರಲ್ಲಿ ಜಮ್ಮುವಿಗೆ ಸುಮಾರು 4 ಗಂಟೆ ತಡವಾಗಿ ಬಂದ ರೈಲಿನಿಂದ ಶ್ರೀನಗರದ ವಿಮಾನ ತಪ್ಪಿಸಿಕೊಂಡ ಪ್ರಯಾಣಿಕರ ಪರ ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ವಿಳಂಬಕ್ಕೆ ಕಾರಣ ತನ್ನ ಹಿಡಿತ ಮೀರಿದ್ದು ಎಂದು ರೈಲ್ವೆ ಸಾಬೀತು ಮಾಡಬೇಕು, ಮಾಡದಿದ್ದರೆ ಪರಿಹಾರ ಕೊಡಬೇಕು ಎಂಬುದು ಅದರ ಸಾರ. ಹಾಗಾಗಿ ತಪ್ಪಿದ ವಿಮಾನದ ಟಿಕೆಟ್, ಟ್ಯಾಕ್ಸಿ ರಸೀದಿ, ತಂಗಿದ ಲಾಡ್ಜ್ ಬಿಲ್ ಎಲ್ಲವನ್ನೂ ಕಾಪಾಡಿ. ರಸೀದಿ ಇಲ್ಲದ ನಷ್ಟವನ್ನು ಆಯೋಗ ನಂಬುವುದಿಲ್ಲ.

ಪ್ರಶ್ನೆ: ಜಮೀನು ಜಗಳದಲ್ಲಿ ನನ್ನ ಮೇಲೆ ಎಫ್‌ಐಆರ್ ಆಗಿದೆ. ಪಾಸ್‌ಪೋರ್ಟ್ ಸಿಗುವುದೇ ಇಲ್ಲ ಎಂದು ಬ್ರೋಕರ್ ಹೇಳುತ್ತಾನೆ, "ಕೇಸ್ ಇಲ್ಲ ಎಂದು ಬರೆಯಿರಿ, ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತಾನೆ. (ಮಂಡ್ಯ)

ಬ್ರೋಕರ್ ಹೇಳಿದ ಎರಡೂ ಮಾತು ತಪ್ಪು, ಎರಡನೆಯದು ಅಪಾಯ. ಅರ್ಜಿಯಲ್ಲಿ ಸುಳ್ಳು ಹೇಳುವುದು ಅಥವಾ ವಿಷಯ ಮುಚ್ಚಿಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನಡಿ 2 ವರ್ಷದವರೆಗೆ ಜೈಲು ಅಥವಾ ₹5,000ದವರೆಗೆ ದಂಡ ಅಥವಾ ಎರಡೂ ಆಗುವ ಅಪರಾಧ. ಜಮೀನು ಕೇಸಿನಲ್ಲಿ ಬಿಡುಗಡೆಯಾದರೂ ಈ ಕೇಸು ಉಳಿಯುತ್ತದೆ.

ಪಾಸ್‌ಪೋರ್ಟ್ ನಿರಾಕರಿಸಲು ಕಾರಣವಾಗುವುದು "ಕ್ರಿಮಿನಲ್ ನ್ಯಾಯಾಲಯದಲ್ಲಿ ಬಾಕಿ ಇರುವ ನಡಾವಳಿ" ಎಂದು 6(2)(ಎಫ್) ಕಲಮು ಹೇಳುತ್ತದೆ. ಬರೀ ಎಫ್‌ಐಆರ್ ಆಗಿ ತನಿಖೆ ನಡೆಯುತ್ತಿದ್ದರೆ ಅದು ಇದರೊಳಗೆ ಬರುವುದಿಲ್ಲ. ನ್ಯಾಯಾಲಯ ಪ್ರಕರಣವನ್ನು ಸಂಜ್ಞಾನಕ್ಕೆ (ವಿಚಾರಣೆಗೆ) ತೆಗೆದುಕೊಂಡಿರಬೇಕು. ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್ 10ರ ಕಚೇರಿ ಟಿಪ್ಪಣಿಯಲ್ಲಿ ಇದನ್ನು ಹೇಳಿದೆ. ಠಾಣೆಯ ಪರಿಶೀಲನಾ ವರದಿಯಲ್ಲಿ "ಪ್ರತಿಕೂಲ" ಎಂದು ಬಂದು ಅರ್ಜಿ ನಿಂತರೆ, ಪ್ರಕರಣ ಯಾವ ಹಂತದಲ್ಲಿದೆ ಎಂದು ಇ-ಕೋರ್ಟ್ಸ್ ವೆಬ್‌ಸೈಟಿನ ಪ್ರತಿ ತೆಗೆದು, ಆ ಟಿಪ್ಪಣಿಯ ದಿನಾಂಕ ನಮೂದಿಸಿ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಉತ್ತರ ಕೊಡಿ.

ಚಾರ್ಜ್‌ಶೀಟ್ ಆಗಿ ಕೇಸು ನಡೆಯುತ್ತಿದ್ದರೂ ಬಾಗಿಲು ಮುಚ್ಚಿಲ್ಲ. 1993ರ ಆಗಸ್ಟ್ 25ರ ಜಿಎಸ್‌ಆರ್ 570(ಇ) ಅಧಿಸೂಚನೆಯಂತೆ, ಕೇಸು ನಡೆಯುತ್ತಿರುವ ನ್ಯಾಯಾಲಯ ವಿದೇಶಕ್ಕೆ ಹೋಗಲು ಅನುಮತಿ ಕೊಟ್ಟರೆ ಪಾಸ್‌ಪೋರ್ಟ್ ಕೊಡಬಹುದು. ವಕೀಲರ ಅರ್ಜಿಗಳು ಎಡವುವುದು ಇಲ್ಲೇ. "ಎನ್‌ಒಸಿ ಕೊಡಬೇಕು" ಎಂದಷ್ಟೇ ಬೇಡಿದರೆ ನ್ಯಾಯಾಧೀಶರು ಅಷ್ಟೇ ಬರೆಯುತ್ತಾರೆ. ಆದೇಶದಲ್ಲಿ ಅವಧಿ ಇಲ್ಲದಿದ್ದರೆ ಪಾಸ್‌ಪೋರ್ಟ್ ಒಂದೇ ವರ್ಷಕ್ಕೆ ಬರುತ್ತದೆ. ವರ್ಷ ಮುಗಿಯುವಷ್ಟರಲ್ಲಿ ಮತ್ತೆ ಅದೇ ನ್ಯಾಯಾಲಯ, ಅದೇ ಸಾಲು. ಹೆಚ್ಚಿನ ದೇಶಗಳು ವೀಸಾಕ್ಕೆ 6 ತಿಂಗಳ ಸಿಂಧುತ್ವ ಕೇಳುವುದರಿಂದ ಆ ಒಂದು ವರ್ಷದಲ್ಲಿ ಉಪಯೋಗಕ್ಕೆ ಬರುವುದು ಅರ್ಧ. ಆದ್ದರಿಂದ ಅರ್ಜಿಯಲ್ಲೇ ಇಷ್ಟು ವರ್ಷಗಳ ಪಾಸ್‌ಪೋರ್ಟ್ ಎಂದು ಸ್ಪಷ್ಟವಾಗಿ ಕೋರಿ. ಪ್ರತಿ ಪ್ರಯಾಣಕ್ಕೂ ಮುಂಚೆ ಬೇರೆಯಾಗಿ ಅನುಮತಿ ಪಡೆಯುತ್ತೇನೆ ಎಂದು ಒಪ್ಪಿಕೊಂಡರೆ ಅವಧಿ ಸಿಗುವುದು ಸುಲಭ.

ನಿರಾಕರಿಸಿದರೆ ಕಾರಣವನ್ನು ದಾಖಲಿಸಿ, ಕೇಳಿದಾಗ ಪ್ರತಿ ಕೊಡಬೇಕೆಂದು 5(3) ಕಲಮು ಹೇಳುತ್ತದೆ. ಕೌಂಟರ್‌ನಲ್ಲಿ ಬಾಯಿಮಾತಿನ "ಆಗಲ್ಲ" ಸಾಲದು. ಪ್ರತಿ ಬಂದ 30 ದಿನದೊಳಗೆ ಮೇಲ್ಮನವಿ ಹಾಕಿ.

ಪ್ರಶ್ನೆ: ತನಿಖಾಧಿಕಾರಿ ಪಾಸ್‌ಪೋರ್ಟ್ ಇಸಿದುಕೊಂಡು ಆರು ತಿಂಗಳಾಯಿತು. ಇಟ್ಟುಕೊಳ್ಳಬಹುದೇ? (ಶಿವಮೊಗ್ಗ)

ತನಿಖೆಗೆ ಬೇಕಾದ ವಸ್ತುವೆಂದು ಜಪ್ತಿ ಮಾಡಬಹುದು, ಮಹಜರು ಬರೆದು. ಆದರೆ ನೀವು ಪ್ರಯಾಣಿಸದಂತೆ ತಡೆಯಲು ಅದನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಪೊಲೀಸರಿಗಾಗಲಿ ಸಿಬಿಐಗಾಗಲಿ ಇಲ್ಲ; ಅದು ಪಾಸ್‌ಪೋರ್ಟ್ ಕಾಯ್ದೆಯ 10(3) ಕಲಮಿನಡಿ ಪಾಸ್‌ಪೋರ್ಟ್ ಪ್ರಾಧಿಕಾರದ್ದು ಮಾತ್ರ. ಸುರೇಶ್ ನಂದಾ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಠಾಣೆಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಉತ್ತರ ಬರದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಿಡುಗಡೆ ಅರ್ಜಿ ಹಾಕಿ. ಜಾಮೀನಿನ ಷರತ್ತಾಗಿ ನ್ಯಾಯಾಲಯಕ್ಕೆ ನೀವೇ ಒಪ್ಪಿಸಿದ್ದರೆ ಮಾತು ಬೇರೆ, ಷರತ್ತು ಸಡಿಲಿಸಲು ಆ ನ್ಯಾಯಾಲಯವನ್ನೇ ಕೇಳಬೇಕು.

ಪ್ರಶ್ನೆ: ಇಮಿಗ್ರೇಷನ್ ಕೌಂಟರ್‌ನಲ್ಲಿ "ನಿಮ್ಮ ಮೇಲೆ ಲುಕ್‌ಔಟ್ ಸುತ್ತೋಲೆ ಇದೆ" ಎಂದು ವಾಪಸ್ ಕಳಿಸಿದರೆ ಮಾಡುವುದೇನು? ಸರ್ಕಾರವನ್ನು ಟೀಕಿಸಿ ಬರೆಯುವವರಿಗೂ ಹೀಗೆ ಮಾಡಬಹುದೇ? (ಬೆಂಗಳೂರು)

ಕೌಂಟರಿನಲ್ಲಿ ಕೂತವರೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ. ದೇಶ ಬಿಡದಂತೆ ತಡೆಯುವ ಈ ಸುತ್ತೋಲೆ ಹೊರಡಿಸಲು ಕೋರಿದ್ದು ಬೇರೊಂದು ಸಂಸ್ಥೆ. ಇಮಿಗ್ರೇಷನ್ ಬ್ಯೂರೋ ಅದನ್ನು ಜಾರಿ ಮಾಡುತ್ತದಷ್ಟೆ. ಕೇಳಬೇಕಾದ ಪ್ರಶ್ನೆ ಒಂದೇ: ಕೋರಿದ ಸಂಸ್ಥೆ ಯಾವುದು, ಪ್ರಕರಣದ ಸಂಖ್ಯೆ ಏನು. ಬರಹದಲ್ಲಿ ಕೊಡದಿದ್ದರೆ ಸಮಯ, ಕೌಂಟರ್ ಸಂಖ್ಯೆ, ಹೇಳಿದ ಮಾತನ್ನು ಅಲ್ಲೇ ಬರೆದಿಟ್ಟುಕೊಳ್ಳಿ. ಬೋರ್ಡಿಂಗ್ ಪಾಸ್ ಹರಿಯಬೇಡಿ. ಹೊರಟ ಮುದ್ರೆ ಬಿದ್ದಿದ್ದರೆ ಅದನ್ನು ರದ್ದು ಮಾಡಿಸಿಕೊಂಡೇ ಹೊರಗೆ ಬನ್ನಿ, ಇಲ್ಲದಿದ್ದರೆ ದಾಖಲೆಯ ಪ್ರಕಾರ ನೀವು ದೇಶ ಬಿಟ್ಟವರಾಗಿರುತ್ತೀರಿ. ಟಿಕೆಟ್ ಹಣ ಬಹುಮಟ್ಟಿಗೆ ಹೋದ ಹಾಗೆಯೇ. ಆದರೆ ಬಳಕೆಯಾಗದ ಟಿಕೆಟ್ಟಿನ ತೆರಿಗೆ, ನಿಲ್ದಾಣ ಬಳಕೆ ಶುಲ್ಕವನ್ನು ಏರ್‌ಲೈನ್ ಮರಳಿಸಬೇಕು.

ಈ ಸುತ್ತೋಲೆಗೆ ನೇರ ಕಾಯ್ದೆ ಇಲ್ಲ, ಗೃಹ ಸಚಿವಾಲಯದ ಕಚೇರಿ ಟಿಪ್ಪಣಿಗಳೇ ಆಧಾರ. ಸಂಜ್ಞೇಯ ಅಪರಾಧದಲ್ಲಿ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಬೇಕೆಂದೇ ಬಂಧನ ತಪ್ಪಿಸಿಕೊಳ್ಳುತ್ತಿರುವವರು, ಜಾಮೀನುರಹಿತ ವಾರಂಟ್ ಇದ್ದರೂ ನ್ಯಾಯಾಲಯಕ್ಕೆ ಬಾರದವರು, ಇಂಥವರ ಮೇಲೆ ಹೊರಡಿಸಬೇಕೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿದೆ. ಕರೆದಾಗಲೆಲ್ಲ ತನಿಖೆಗೆ ಹೋದವರ ಮೇಲೆ ಇದು ನಿಲ್ಲುವುದು ಕಷ್ಟ. ಹಾಗಾಗಿ ನೋಟಿಸಿಗೆ ಹಾಜರಾದ ಪ್ರತಿ ದಿನದ ಸ್ವೀಕೃತಿಯೇ ನಿಮ್ಮ ಬಲ. ಸಾಲ ಬಾಕಿಗಾಗಿ ಸರ್ಕಾರಿ ಬ್ಯಾಂಕುಗಳ ಮುಖ್ಯಸ್ಥರು ಸುತ್ತೋಲೆ ಕೋರುವ ಅಧಿಕಾರವನ್ನು ಬಾಂಬೆ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದು ಮಾಡಿತು.

ಇನ್ನು ಟೀಕಿಸಿ ಬರೆಯುವವರನ್ನು ತಡೆಯುವ ವಿಷಯ. ಲೇಖಕ ಆಕಾರ್ ಪಟೇಲ್ ಅವರನ್ನು 2022ರ ಏಪ್ರಿಲ್ 6ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲೇ ತಡೆಯಲಾಯಿತು, ಸಿಬಿಐ ಕೋರಿದ್ದ ಸುತ್ತೋಲೆಯ ಮೇಲೆ. ಮರುದಿನವೇ ದೆಹಲಿಯ ನ್ಯಾಯಾಲಯ ಅದನ್ನು ಹಿಂತೆಗೆಯಲು, ಕ್ಷಮೆ ಕೇಳಲು ಆದೇಶಿಸಿತು. ಮೇಲಿನ ನ್ಯಾಯಾಲಯ ಕ್ಷಮೆಯ ಭಾಗ ತೆಗೆದು ಹಾಕಿತು, ಹಿಂತೆಗೆಯುವ ಭಾಗ ಉಳಿಸಿತು. ಕಾನೂನು ಗೆದ್ದಿತು ಎನ್ನಬಹುದು. ಆದರೆ ವಿಮಾನ ಅಷ್ಟರಲ್ಲಿ ಹೊರಟಾಗಿತ್ತು, ಮತ್ತು ತಡೆದವರಿಗೆ ಬೇಕಿದ್ದುದು ಕೆಲವೊಮ್ಮೆ ಅಷ್ಟೇ ಇರುತ್ತದೆ.

ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ನಮ್ಮ ಮೈಸೂರು ಹೈಕೋರ್ಟ್ 1965ರಲ್ಲೇ ಹೇಳಿತ್ತು. 1967ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆಯೇ ಪಾಸ್‌ಪೋರ್ಟ್ ಕಾಯ್ದೆ ಬಂದದ್ದು. 1977ರ ಜುಲೈಯಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು "ಸಾರ್ವಜನಿಕ ಹಿತಕ್ಕಾಗಿ" ವಶಕ್ಕೆ ಕೇಳಿ, ಕಾರಣ ಕೊಡಲು ಸರ್ಕಾರ ಒಪ್ಪದಿದ್ದಾಗ ಬಂದ 1978ರ ಜನವರಿ 25ರ ತೀರ್ಪು, ಕಾರ್ಯವಿಧಾನ ನ್ಯಾಯಯುತವಾಗಿರಬೇಕು, ಬಾಧಿತರ ಮಾತು ಕೇಳಬೇಕು ಎಂದಿತು. ತುರ್ತುಪರಿಸ್ಥಿತಿ ಮುಗಿದು ಬಂದ ಸರ್ಕಾರ, ಹಿಂದೆ ಆಳಿದ ಕುಟುಂಬದ ಸೊಸೆಯ ಮೇಲೆ ತೆಗೆದುಕೊಂಡ ಕ್ರಮ ಅದು. ಈ ಅಧಿಕಾರ ಯಾವ ಪಕ್ಷದ ಕೈಗೆ ಹೋದರೂ ಹೀಗೇ ಬಳಕೆಯಾಗುತ್ತದೆ. ರಿಟ್ ಅರ್ಜಿ ಹಾಕುವಾಗ ನಿಮ್ಮ ವಕೀಲರು ಈ ತೀರ್ಪಿನಿಂದಲೇ ಶುರು ಮಾಡುತ್ತಾರೆ.

ಪ್ರಶ್ನೆ: ವಿಮಾನ ನಿಲ್ದಾಣದಲ್ಲಿ ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಕಡ್ಡಾಯವೇ? ಗೇಟಿನಲ್ಲಿ ಯುವಕರು ನಿಂತು ನಮ್ಮ ಫೋಟೊ ತೆಗೆದುಕೊಂಡು ಬಿಡುತ್ತಾರೆ. (ಮೈಸೂರು)

ಕಡ್ಡಾಯವಲ್ಲ. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಶುರುವಾದಾಗಿನಿಂದ ಸರ್ಕಾರ ಇದನ್ನು ಐಚ್ಛಿಕ ಎಂದೇ ಹೇಳಿದೆ. "ಬೇಡ, ಗುರುತಿನ ಚೀಟಿ ನೋಡಿ" ಎಂದು ಹೇಳಿ ಸಾಮಾನ್ಯ ಸಾಲಿಗೆ ಹೋಗಿ. ಗುರುತಿಗೆ ಆಧಾರ್ ಒಂದೇ ಅಲ್ಲ. ಮತದಾರರ ಚೀಟಿ, ಚಾಲನಾ ಪರವಾನಗಿ, ಪ್ಯಾನ್, ಪಾಸ್‌ಪೋರ್ಟ್ ಯಾವುದೂ ಆದೀತು.

ಮುಖದ ದತ್ತಾಂಶ ನಿಮ್ಮ ಫೋನಿನಲ್ಲೇ ಇರುತ್ತದೆ, ನಿಲ್ದಾಣದ ಸರ್ವರ್‌ನಿಂದ ವಿಮಾನ ಹೊರಟ 24 ಗಂಟೆಯೊಳಗೆ ಅಳಿಸುತ್ತದೆ ಎಂಬುದು ಅವರ ಹೇಳಿಕೆ. ಇದನ್ನು ನಡೆಸುವುದು ಸರ್ಕಾರಿ ಇಲಾಖೆಯಲ್ಲ, ವಿಮಾನ ನಿಲ್ದಾಣ ಪ್ರಾಧಿಕಾರ 26% ಪಾಲು ಹೊಂದಿರುವ ಒಂದು ಪ್ರತಿಷ್ಠಾನ. ಸಾಲು ಬೇಗ ಸಾಗುತ್ತದೆ ಎಂಬುದು ನಿಜವಾದ ಲಾಭ, ಆ ಲಾಭಕ್ಕಾಗಿ ಮುಖ ಕೊಡುವುದು ಬಿಡುವುದು ನಿಮ್ಮ ಇಷ್ಟ. ನಮ್ಮ ತಕರಾರು ಕೇಳದೆ ಫೋಟೊ ತೆಗೆಯುವುದಕ್ಕೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪು ಬಂದ ಮೇಲೂ ಒಪ್ಪಿಗೆ ಎಂದರೆ ಕ್ಯಾಮೆರಾ ಮುಂದೆ ನಿಂತದ್ದು ಎಂದುಕೊಂಡರೆ ಹೇಗೆ?

ಪ್ರಶ್ನೆ: ರಾತ್ರಿ ಗಸ್ತಿನ ಪೊಲೀಸರು ಬೈಕ್ ನಿಲ್ಲಿಸಿ "ಫೋನ್ ಅನ್‌ಲಾಕ್ ಮಾಡು, ವಾಟ್ಸ್ಆ್ಯಪ್ ತೋರಿಸು" ಎನ್ನುತ್ತಾರೆ. ಅಮೆರಿಕಕ್ಕೆ ಹೋಗುವಾಗಲೂ ಫೋನ್ ನೋಡುತ್ತಾರಂತೆ. (ಕಲಬುರಗಿ)

ರಸ್ತೆಯಲ್ಲಿ ಪೊಲೀಸರು ಕೇಳಬಹುದಾದ್ದು ಗಾಡಿಯ ದಾಖಲೆ; ಡಿಜಿಲಾಕರ್‌ನಲ್ಲಿ ತೋರಿಸಿದರೂ ಸಾಕು. ಚಾಟ್ ಓದಲು ತನಿಖೆ ನಡೆಯುತ್ತಿರುವ ಪ್ರಕರಣ ಬೇಕು. ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿದ್ದು: ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಆರೋಪಿ ಒಪ್ಪದಿದ್ದರೆ ನ್ಯಾಯಾಲಯಕ್ಕೆ ಹೋಗಿ ಶೋಧನಾ ವಾರಂಟ್ ಪಡೆಯಬೇಕು, ತುರ್ತಾಗಿದ್ದರೆ ಕಾರಣವನ್ನು ಬರೆದಿಟ್ಟು ಮುಂದುವರಿಯಬಹುದು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ಈ ಭಾಗ ನಮಗೆ ಒಪ್ಪಿಗೆಯಾಗದು, ಆದರೂ ಇದ್ದದ್ದು ಇದ್ದ ಹಾಗೆ ತಿಳಿಸಬೇಕು. ಯಾವ ಪ್ರಕರಣವೂ ಇಲ್ಲದ ದಾರಿಹೋಕನಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಜಗಳಕ್ಕಿಳಿಯದೆ "ಯಾವ ಕೇಸಿನಲ್ಲಿ ಸಾರ್? ನೋಟಿಸ್ ಕೊಡಿ, ಠಾಣೆಗೆ ಬರುತ್ತೇನೆ" ಎನ್ನಿ.

ಗಡಿಯಲ್ಲಿ ಈ ಹಕ್ಕು ತೆಳುವಾಗುತ್ತದೆ. ಅಮೆರಿಕದ ಗಡಿ ಅಧಿಕಾರಿಗಳು ವಾರಂಟ್ ಇಲ್ಲದೆಯೇ ಫೋನ್ ನೋಡಬಹುದು. ಅನ್‌ಲಾಕ್ ಮಾಡದ ವೀಸಾದಾರನನ್ನು ವಾಪಸ್ ಕಳಿಸಬಹುದು, ಫೋನನ್ನು ಸಾಮಾನ್ಯವಾಗಿ 5 ದಿನದವರೆಗೆ ಇಟ್ಟುಕೊಳ್ಳಬಹುದು. ಅವರದೇ 2018ರ ನಿರ್ದೇಶನದಂತೆ ಫೋನಿನೊಳಗೆ ಇರುವುದನ್ನು ಮಾತ್ರ ನೋಡಬೇಕು, ಕ್ಲೌಡ್‌ನಲ್ಲಿರುವುದನ್ನಲ್ಲ. ಅದಕ್ಕೆಂದು ನೆಟ್‌ವರ್ಕ್ ಬಂದ್ ಮಾಡಬೇಕು. ಬ್ರಿಟನ್ನಿನಲ್ಲಿ ಭಯೋತ್ಪಾದನಾ ಕಾಯ್ದೆಯ 7ನೇ ಅನುಸೂಚಿಯಡಿ 6 ಗಂಟೆಯವರೆಗೆ ತಡೆಹಿಡಿದು ವಿಚಾರಿಸಬಹುದು, ಅಲ್ಲಿ ಪಾಸ್‌ವರ್ಡ್ ಕೊಡದಿರುವುದೇ ಅಪರಾಧ.

ಸಿದ್ಧತೆ ಮನೆಯಲ್ಲೇ ಆಗಬೇಕು. ಪ್ರಯಾಣಕ್ಕೆ ಬೇಡದ ಖಾತೆಗಳಿಂದ ಲಾಗ್‌ಔಟ್ ಆಗಿ, ಬ್ಯಾಕಪ್ ತೆಗೆದು ಮನೆಯಲ್ಲಿಡಿ. ಅಳಿಸಿದ ಫೋಟೊ "ಇತ್ತೀಚೆಗೆ ಅಳಿಸಿದ್ದು" ಎಂಬ ಜಾಗದಲ್ಲಿ ಉಳಿದಿರುತ್ತದೆ, ಅದನ್ನೂ ಖಾಲಿ ಮಾಡಿ. ವಿಮಾನ ಇಳಿಯುವ ಮುಂಚೆ ಫೋನನ್ನು ಪೂರ್ತಿ ಸ್ವಿಚ್ ಆಫ್ ಮಾಡಿ. ಮತ್ತೆ ಆನ್ ಮಾಡಿದಾಗ ಮೊದಲ ಸಲ ಬೆರಳು, ಮುಖ ಕೆಲಸ ಮಾಡುವುದಿಲ್ಲ, ಪಾಸ್‌ಕೋಡೇ ಬೇಕು. ಫೋನನ್ನು ಪೂರ್ತಿ ಖಾಲಿ ಮಾಡಿ ಒಯ್ಯುವುದು ಜಾಣತನವಲ್ಲ, ಅನುಮಾನ ಹುಟ್ಟುವುದೇ ಅಲ್ಲಿ. ಅಮೆರಿಕದ ವೀಸಾ ಅರ್ಜಿ ಡಿಎಸ್-160 ಕಳೆದ 5 ವರ್ಷದ ಸಾಮಾಜಿಕ ಜಾಲತಾಣದ ಖಾತೆಗಳನ್ನು ಕೇಳುತ್ತದೆ. 2025ರಿಂದ ವಿದ್ಯಾರ್ಥಿ ವೀಸಾಕ್ಕೆ, ಆಮೇಲೆ ಉದ್ಯೋಗದ ಎಚ್-1ಬಿ ವೀಸಾಕ್ಕೂ ಆ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕಾಗಿದೆ. ಖಾತೆ ಮುಚ್ಚಿಟ್ಟು ಸಿಕ್ಕಿಬಿದ್ದರೆ ಪೋಸ್ಟಿಗಿಂತ ಸುಳ್ಳೇ ದೊಡ್ಡ ತಪ್ಪಾಗುತ್ತದೆ.

ಪ್ರಶ್ನೆ: ಚುನಾವಣೆ ಸಮಯದಲ್ಲಿ ಅಡಿಕೆ ಮಾರಿದ ₹1.8 ಲಕ್ಷ ತರುವಾಗ ಚೆಕ್‌ಪೋಸ್ಟ್‌ನಲ್ಲಿ ಜಪ್ತಿ ಮಾಡಿದರು. "₹50,000 ಮೀರಿದರೆ ಜಪ್ತಿ" ಎನ್ನುವುದು ಕಾನೂನೇ? (ಶಿರಸಿ)

ಆ ಅಂಕಿಯನ್ನು ಎಲ್ಲರೂ ಅರ್ಧ ಓದಿದ್ದಾರೆ, ಕೆಲವು ಅಧಿಕಾರಿಗಳೂ ಸಹ. ಚುನಾವಣಾ ಆಯೋಗದ ಕಾರ್ಯವಿಧಾನದಲ್ಲಿ ₹50,000 ಬರುವುದು ಅಭ್ಯರ್ಥಿ, ಅವರ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತರಿರುವ ವಾಹನದ ಬಗ್ಗೆ. ಇನ್ನೊಂದು ಸಾಲನ್ನು ಓದಿ: ₹10 ಲಕ್ಷ ಮೀರಿದ ನಗದು ಸಿಕ್ಕರೂ, ಅಪರಾಧದ ಅಥವಾ ಪಕ್ಷದ ನಂಟಿನ ಅನುಮಾನ ಇಲ್ಲದಿದ್ದರೆ ಜಪ್ತಿ ಮಾಡದೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ರೈತನ ಕೈಯಲ್ಲಿ ₹50,000ಕ್ಕಿಂತ ಹೆಚ್ಚು ಇರುವುದೇ ಅಪರಾಧ ಎಂಬ ನಿಯಮ ಎಲ್ಲೂ ಇಲ್ಲ. ಆದರೆ ಕತ್ತಲಲ್ಲಿ, ಸಾಲು ವಾಹನಗಳ ನಡುವೆ ಇದನ್ನು ವಿವರಿಸುವುದು ಕಷ್ಟ. ಎಪಿಎಂಸಿ ಅಥವಾ ಮಂಡಿಯ ಬಿಲ್, ಬ್ಯಾಂಕಿನಿಂದ ತೆಗೆದಿದ್ದರೆ ಪಾಸ್‌ಬುಕ್ ನಮೂದು, ಮದುವೆಗಾದರೆ ಲಗ್ನಪತ್ರಿಕೆ, ಆಸ್ಪತ್ರೆಗಾದರೆ ದಾಖಲಾತಿ ಚೀಟಿ ಜೊತೆಗಿರಲಿ. ಹಣ ಎಲ್ಲಿಂದ ಬಂತು ಮತ್ತು ಎಲ್ಲಿಗೆ ಹೋಗುತ್ತಿದೆ, ಎರಡಕ್ಕೂ ಕಾಗದ ಬೇಕು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಒಯ್ಯುತ್ತಾರೆ.

ಜಪ್ತಿ ಮಾಡಿದರೆ ವಿಡಿಯೊ ಚಿತ್ರೀಕರಣವಾಗಬೇಕು, ಮಹಜರಿನ ಪ್ರತಿ ನಿಮಗೆ ಸಿಗಬೇಕು, ಹೆಂಗಸರ ಕೈಚೀಲವನ್ನು ಮಹಿಳಾ ಅಧಿಕಾರಿ ಇಲ್ಲದೆ ತಪಾಸಿಸಬಾರದು. ಮಹಜರಿನಲ್ಲಿ ನೋಟುಗಳ ಮುಖಬೆಲೆ, ಸಂಖ್ಯೆ ಬರೆದಿದೆಯೇ ನೋಡಿಯೇ ಸಹಿ ಮಾಡಿ. ಹಣ ಬಿಡಿಸಲು ನ್ಯಾಯಾಲಯಕ್ಕೆ ಓಡಬೇಕಿಲ್ಲ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಪಂಚಾಯಿತಿ ಸಿಇಒ, ಚುನಾವಣಾ ವೆಚ್ಚದ ನೋಡಲ್ ಅಧಿಕಾರಿ, ಜಿಲ್ಲಾ ಖಜಾನೆ ಅಧಿಕಾರಿ ಇರುವ ಮೂವರ ಸಮಿತಿ ಇದಕ್ಕಾಗಿಯೇ ಇರುತ್ತದೆ. ಎಫ್‌ಐಆರ್ ಆಗಿಲ್ಲ, ಯಾವ ಅಭ್ಯರ್ಥಿಗೂ ನಂಟಿಲ್ಲ ಎಂದಾದರೆ ಅದು ಬಿಡುಗಡೆ ಆದೇಶ ಕೊಡಬೇಕು; ಮತದಾನ ಮುಗಿದು 7 ದಿನದ ಆಚೆ ಹಣ ಇಟ್ಟುಕೊಳ್ಳುವಂತಿಲ್ಲ. ಸಮಿತಿಯ ಮಾಹಿತಿ ಜಪ್ತಿ ಕಾಗದದಲ್ಲೇ ಇರಬೇಕು, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ಪ್ರತಿಭಟನೆಗೆ ಬೆಂಗಳೂರಿಗೆ ಹೊರಟ ನಮ್ಮ ವಾಹನವನ್ನು ಜಿಲ್ಲೆಯ ಗಡಿಯಲ್ಲೇ ತಡೆದು, ಸಂಜೆಯವರೆಗೆ ಕಲ್ಯಾಣ ಮಂಟಪದಲ್ಲಿ ಕೂರಿಸಿದರು. ಇದು ಬಂಧನವೇ? (ರಾಯಚೂರು)

ಹೊರಗೆ ಹೋಗಲು ಬಿಡದಿದ್ದರೆ ಬಂಧನವೇ, ಊಟ ಕೊಟ್ಟರೂ ಸರಿ. ಯಾವ ಕಲಮಿನಡಿ ಎಂಬುದೇ ಪ್ರಶ್ನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 170ರಡಿ ಸಂಜ್ಞೇಯ ಅಪರಾಧ ನಡೆಯುವುದನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಬಂಧಿಸಬಹುದು, 24 ಗಂಟೆ ಮೀರುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇಲ್ಲದ 172 ಎಂಬ ಕಲಮು ಈಗ ಬಂದಿದೆ: ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ತಡೆಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಬಹುದು, ಸಣ್ಣ ಪ್ರಕರಣವಾದರೆ 24 ಗಂಟೆಯೊಳಗೆ ಬಿಡಬಹುದು. "ಮೇಲಿನಿಂದ ಆದೇಶ" ಎಂಬುದು ಇವೆರಡರಲ್ಲಿ ಯಾವುದೂ ಅಲ್ಲ.

ನಿಷೇಧಾಜ್ಞೆ ಇದೆ ಎಂದರೆ ಪ್ರತಿ ಕೇಳಿ. ಹಿಂದಿನ 144, ಈಗಿನ 163ನೇ ಕಲಮು. ಆದೇಶ ಬರಹದಲ್ಲಿರಬೇಕು, ಆಧಾರವಾದ ಸಂಗತಿ ಹೇಳಬೇಕು, 2 ತಿಂಗಳಿಗೆ ಮುಗಿಯುತ್ತದೆ. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕೆಂದು 2020ರ ಜನವರಿಯಲ್ಲಿ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಅಳತೆಗೋಲಿನಲ್ಲಿ, 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೇರಿದ್ದ 144ನ್ನು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿ 13ರಂದು ಕಾನೂನುಬಾಹಿರ ಎಂದಿತು. ಆ ಆದೇಶದ ಮೂರು ದಿನ ಮುಗಿದು ಎರಡು ತಿಂಗಳ ಹತ್ತಿರವಾಗಿತ್ತು ಅಷ್ಟೆ.

ಸಂಘಟಕರು ಗಮನಿಸಬೇಕಾದ ಒಂದು ಒಣ ಸಂಗತಿ: ಟ್ರ್ಯಾಕ್ಟರ್ ಟ್ರೇಲರ್, ಲಾರಿಯಲ್ಲಿ ಜನರನ್ನು ಒಯ್ದರೆ ಪರ್ಮಿಟ್ ಉಲ್ಲಂಘನೆಯೆಂದು ನ್ಯಾಯವಾಗಿಯೇ ತಡೆಯಬಹುದು, ಆಗ ಹಕ್ಕಿನ ಮಾತು ಓಡುವುದಿಲ್ಲ. ಕರಾರಿನ ಬಸ್ಸೇ ಮಾಡಿ. ಬೆಂಗಳೂರಿನಲ್ಲಿ ಪ್ರತಿಭಟನೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ ಎಂಬ 2021ರ ಪರವಾನಗಿ ಆದೇಶವಿದೆ. ಅರ್ಜಿಯ ಸ್ವೀಕೃತಿ ಪ್ರತಿಯೊಂದು ಬಸ್ಸಿನಲ್ಲೂ ಇರಲಿ.

ಠಾಣೆಗೆ ಒಯ್ದರೆ ಬಂಧನದ ಕಾರಣ ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಸಿಗಬೇಕು. ಎಲ್ಲ ಬಗೆಯ ಅಪರಾಧಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ತಕ್ಷಣ ಕೊಡಲಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಕನಿಷ್ಠ 2 ಗಂಟೆ ಮೊದಲಾದರೂ ಕೊಡಬೇಕು. ಮನೆಯವರಿಗೆ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಸೂರ್ಯಾಸ್ತದ ನಂತರ ಹೆಂಗಸರನ್ನು ಬಂಧಿಸಲು ಅಸಾಧಾರಣ ಕಾರಣ, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ವಕೀಲರು ಗೊತ್ತಿಲ್ಲದಿದ್ದರೆ ಉಚಿತ ಕಾನೂನು ಸೇವೆಯ 15100ಕ್ಕೆ ಕರೆ ಮಾಡಿ. ಈ ಸಂಖ್ಯೆ ಕಾಗದದ ಮೇಲಿರಲಿ, ಫೋನ್ ಮೊದಲು ಹೋಗುತ್ತದೆ.

ಪ್ರಶ್ನೆ: 20,000 ಎಂಎಎಚ್ ಪವರ್ ಬ್ಯಾಂಕ್ ಒಯ್ಯಬಹುದೆಂದು ಅಂಗಡಿಯವರು ಹೇಳಿದ್ದರು. ಭದ್ರತಾ ತಪಾಸಣೆಯಲ್ಲಿ ಕಿತ್ತುಕೊಂಡರು. (ಉಡುಪಿ)

ಅಂಗಡಿಯವರು ಸರಿ. ಮಿತಿ ಇರುವುದು ವ್ಯಾಟ್-ಅವರ್‌ನಲ್ಲಿ: ಎಂಎಎಚ್ ಅನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿದರೆ 20,000ಕ್ಕೆ 74 ಬರುತ್ತದೆ, 100ರವರೆಗೆ ಅಡ್ಡಿಯಿಲ್ಲ, 100ರಿಂದ 160ರವರೆಗೆ ಏರ್‌ಲೈನಿನ ಒಪ್ಪಿಗೆ ಬೇಕು. ಹಾಗಿದ್ದೂ ಕಿತ್ತುಕೊಳ್ಳಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಅದು ಚೆಕ್-ಇನ್ ಚೀಲದಲ್ಲಿತ್ತು. ಕೈಚೀಲದಲ್ಲಿ ಮಾತ್ರ ಒಯ್ಯಬೇಕು. ಇನ್ನೊಂದು, ಮೈಮೇಲಿನ ಅಕ್ಷರ ಮಾಸಿ ಸಾಮರ್ಥ್ಯ ಓದಲಾಗುತ್ತಿರಲಿಲ್ಲ. ಇಲ್ಲಿ ಹಿಂಬರಹ ಕೇಳಿ ವಿಮಾನ ತಪ್ಪಿಸಿಕೊಳ್ಳಬೇಡಿ.